ಟೀವಿಯ ಮೇಲೆ ಅಪ್ಪನ ಮಾತು

ನಾನು ಇದನ್ನು ಬರೆಯುತ್ತಿರುವ ಕೀಬೋರ್ಡಿನ ಮೇಲೆ ಕೆಲವು ಅಕ್ಷರಗಳು ಪೂರ್ತಿ ಅಳಿಸಿಹೋಗಿವೆ. ಹಿಂಬದಿಯ ಒಂದು ಕಾಲು ಮುರಿದಿದೆ. ಅದರಡಿಗೆ ಅವ್ವ ಯಾರದೋ ಹಳೆಯ ಲಗ್ನಪತ್ರಿಕೆಯನ್ನು ಮಡಚಿ ಇಟ್ಟಿದ್ದಾಳೆ. ಜೊತೆಗೆ ಬಂದ ಮೌಸ್ ಮನಸ್ಸಿದ್ದರೆ ಓಡುತ್ತದೆ, ಇಲ್ಲದಿದ್ದರೆ ಎಷ್ಟು ಕುಟ್ಟಿದರೂ ಮಿಸುಕುವುದಿಲ್ಲ. ಆಫೀಸಿನವರು ಹೊಸ ಸೆಟ್ ಕಳಿಸುತ್ತೇವೆ ಎಂದರು. ಬೇಡ ಎಂದೆ. ಯಾಕೆ ಎಂದು ಕೇಳಿದರು. ಸುಮ್ಮನೆ ಬೇಡ ಎಂದೆ. ನನಗೆ ಎಲ್ಲದಕ್ಕೂ ಕಾರಣ ಕೇಳುವವರನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ.

ಈ ಕೀಬೋರ್ಡು ಕೊಂಡದ್ದು ಪುಣೆಯ ಆಕುರ್ಡಿ ಸ್ಟೇಶನ್ನಿನ ಹತ್ತಿರದ ಒಂದು ಅಂಗಡಿಯಲ್ಲಿ. ಮನೆಯಿಂದಲೇ ಕೆಲಸ ಮಾಡಿ ಎಂದು ಆಫೀಸಿನವರು ಹೇಳಿದ ಹೊಸತರಲ್ಲಿ ನನ್ನ ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿ ಅರ್ಧ ಕೀಲಿಗಳು ಕೈಕೊಟ್ಟಿದ್ದವು. ಇದ್ದುದರಲ್ಲೇ ಅಗ್ಗದ್ದು ಕೊಡಿ ಎಂದೆ. ಅಂಗಡಿಯವನು ಧೂಳು ಹಿಡಿದ ಡಬ್ಬಿಯೊಂದನ್ನು ಕೌಂಟರಿನ ಮೇಲೆ ಇಟ್ಟು, "ಸೆಲ್ ಟಾಕಾ, ಚಾಲೂ ಕರಾ," ಎಂದ. ಸೆಲ್ ಹಾಕಿ, ಶುರು ಮಾಡಿ, ಅಷ್ಟೇ ಅದರ ಮಂತ್ರ. ಉಗುರಿನಷ್ಟು ದೊಡ್ಡ ಒಂದು ಪಿನ್ನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಬೇಕು, ಕೀಬೋರ್ಡಿಗೂ ಮೌಸಿಗೂ ಸೆಲ್ ಹಾಕಬೇಕು. ವೈರಿನ ಗೊಡವೆಯೇ ಇಲ್ಲ.

ಮನೆಗೆ ತಂದಾಗ ಅಪ್ಪ ಅದನ್ನು ಎತ್ತಿ, ತಿರುಗಿಸಿ, ಅಲ್ಲಾಡಿಸಿ ನೋಡಿದ. "ಇದೇನಿದು, ಆಟಿಗೀ ಸಾಮಾನ ತಂದೀಯಲ್ಲ! ವೈರ್ ಇಲ್ಲ, ಏನಿಲ್ಲ. ಇದರ ಮ್ಯಾಲೆ ಆಫೀಸ್ ಕೆಲಸಾ ಮಾಡ್ತಾಳಂತ, ಕೇಳಿದ್ಯಾ?" ಎಂದು ಅಡುಗೆಮನೆಯ ಕಡೆ ಮುಖ ಮಾಡಿ ಒದರಿದ. ಆಗ ಅಪ್ಪನಿಗೆ ಧ್ವನಿ ಇತ್ತು.

ಇತ್ತು ಎಂದರೆ ಎಂಥ ಧ್ವನಿ! ತಳೇಗಾಂವದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದ. ಮಶೀನುಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನಿಗಡಿಯ ನಮ್ಮ ಸೊಸೈಟಿಯ ಗೇಟಿನಲ್ಲಿ ಕಂಪನಿ ಬಸ್ಸಿನಿಂದ ಇಳಿದವನೇ, ಮೂರನೆಯ ಮಹಡಿಗೆ ಕೇಳುವ ಹಾಗೆ, "ಏ, ಚಹಾ ಇಡು!" ಎಂದು ಕೂಗುತ್ತಿದ್ದ. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಚಹಾ ಕುದಿಯುತ್ತಿರುತ್ತಿತ್ತು. ಕೆಳಗಿನ ಮನೆಯ ಮರಾಠಿ ಆಜಿ ಕೂಡ ಅದೇ ಕೂಗಿಗೆ ತಮ್ಮ ಒಲೆ ಹಚ್ಚುತ್ತಿದ್ದರಂತೆ. ಅವ್ವನಿಗೆ ಇದರಿಂದ ಮುಜುಗರ. "ಜನಾ ಏನಂತಾರ್ರಿ, ಸ್ವಲ್ಪ ಸಣ್ಣಗ ಮಾತಾಡ್ರಿ," ಎಂದು ಬೇಡಿಕೊಳ್ಳುತ್ತಿದ್ದಳು. "ನಾ ಏನ್ ಕಳವು ಮಾಡೀನೇನ ಸಣ್ಣಗ ಮಾತಾಡ್ಲಿಕ್ಕೆ?" ಎಂದು ಅವನು ಇನ್ನೂ ಜೋರು ಮಾಡುತ್ತಿದ್ದ. ನಾನು ಬೆಳೆದದ್ದೇ ಈ ಗದ್ದಲದಲ್ಲಿ. ಅದು ಒಂದು ದಿನ ನಿಂತುಹೋದೀತು ಎಂದು ನನಗಂತೂ ಹೊಳೆದಿರಲಿಲ್ಲ.

ರಿಟೈರ್ ಆದ ಮೇಲೆ ಗಂಟಲಲ್ಲಿ ಗಂಟು ಕಾಣಿಸಿತು. ವರ್ಷಗಟ್ಟಲೆ ತಿಂದ ತಂಬಾಕು ತನ್ನ ಕೆಲಸ ಮಾಡಿತ್ತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ ಎಂದರು. ತೆಗೆದರು. ಅಪ್ಪ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದು, ಹಾಲಿನಲ್ಲಿದ್ದ ಮಂಚದ ಮೇಲೆ ಕೂತ. ಮನೆ ನಮ್ಮದೇ ಹೌದೋ ಅಲ್ಲವೋ ಎನ್ನುವಷ್ಟು ಸುಮ್ಮನಾಗಿಬಿಟ್ಟಿತು.

ಕೊರಳಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಸಣ್ಣ ಯಂತ್ರವನ್ನೂ ಕೊಟ್ಟಿದ್ದರು. ಅಪ್ಪ ಅದನ್ನು ಹಿಡಿದು ಅವ್ವನನ್ನು ಕರೆದ. ಏರಿಳಿತವಿಲ್ಲದ, ಗುಂಯ್‌ಗುಡುವ ಆ ಸದ್ದು ಕೇಳಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪ್ಪ ಯಂತ್ರವನ್ನು ಕಪಾಟಿಗೆ ಸೇರಿಸಿದ. ಮತ್ತೆ ಮುಟ್ಟಲಿಲ್ಲ.

ಹಾಗಾದರೆ ಬರೆದು ತೋರಿಸಬಹುದಲ್ಲ ಎಂದು ನೀವು ಹೇಳಬಹುದು. ಬಂದವರೆಲ್ಲ ಹಾಗೇ ಹೇಳಿದರು. ನಮ್ಮ ಮನೆಯ ತೊಡಕು ಅಲ್ಲೇ ಇತ್ತು. ಅಪ್ಪ ವಿಜಯಪುರದ ಕಡೆಯವನು, ಕನ್ನಡ ಸಾಲೆಯಲ್ಲಿ ಕಲಿತವನು. ಅವ್ವ ಹುಟ್ಟಿದ್ದೇ ಪುಣೆಯಲ್ಲಿ. ಅವಳ ಅಪ್ಪ ಇಲ್ಲಿ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಆಡುವುದು ಕನ್ನಡ, ಸಾಲೆಯಲ್ಲಿ ಕಲಿತದ್ದು ಮರಾಠಿ. ಅವಳಿಗೆ ಕನ್ನಡದ ಒಂದು ಅಕ್ಷರವೂ ಬರುವುದಿಲ್ಲ. ಅಪ್ಪ ನನ್ನನ್ನು ಭಾನುವಾರ ಕೂರಿಸಿಕೊಂಡು ಅಕ್ಷರ ತಿದ್ದಿಸುವಾಗ, "ನೀನೂ ಬಾ, ಕಲಿ," ಎಂದು ಅವ್ವನನ್ನು ಕರೆಯುತ್ತಿದ್ದ. "ನಾ ಕಲತು ಯಾರಿಗೆ ಬರೀಬೇಕಾಗ್ಯದ? ಹೇಳೂದನ್ನ ಬಾಯಿಲೇ ಹೇಳ್ತೀನಲ್ಲ," ಎಂದು ಅವಳು ರೊಟ್ಟಿ ಬಡಿಯುತ್ತಿದ್ದಳು. ಗಂಡ ಹೆಂಡತಿ ಇಡೀ ಸಂಸಾರವನ್ನು ಬಾಯಿಯಲ್ಲೇ ನಡೆಸಿದ್ದರು. ಒಬ್ಬರಿಗೊಬ್ಬರು ಒಂದು ಸಾಲು ಬರೆಯುವ ಪ್ರಸಂಗ ಬಂದಿರಲಿಲ್ಲ. ಈಗ ಅಪ್ಪ ಪಾಟಿಯ ಮೇಲೆ ಬರೆದು ತೋರಿಸಿದರೆ ಅವ್ವ ಪಾಟಿಯನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡುವಳು. ಆಮೇಲೆ ನನ್ನನ್ನು ಕರೆಯುವಳು.

ಕೀಬೋರ್ಡನ್ನು ಅಪ್ಪನ ಕೈಗೆ ಕೊಡುವ ಯೋಚನೆ ನನಗೆ ಬಂದದ್ದು ಸಿಟ್ಟಿನಲ್ಲಿ. ಅವನ ಅಕ್ಷರ ಕಾಗೆ ಕಾಲಿನಂತಿತ್ತು, ಪಾಟಿ ಓದಿ ಓದಿ ನನಗೆ ಸಾಕಾಗಿತ್ತು. ಲ್ಯಾಪ್‌ಟಾಪಿನಿಂದ ಟೀವಿಗೆ ಕೇಬಲ್ ಎಳೆದು, ಕೀಬೋರ್ಡನ್ನು ಮಂಚದ ಮೇಲೆ ಅವನ ತೊಡೆಯ ಮೇಲಿಟ್ಟೆ. ನೌಕರಿಯ ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನ ಮೇಲೆ ಎರಡು ಬೆರಳಿನಿಂದ ಕುಟ್ಟಿ ಅಭ್ಯಾಸವಿತ್ತು. ಇಂಗ್ಲಿಷ್ ಕೀಲಿಗಳನ್ನು ಒತ್ತಿದರೆ ಕನ್ನಡ ಅಕ್ಷರ ಮೂಡುವ ಹಾಗೆ ಮಾಡಿಕೊಟ್ಟೆ. ಮೌಸ್ ಮಂಚದ ಚಾದರದ ಮೇಲೆ ಸಿಕ್ಕಿಕೊಳ್ಳುತ್ತಿತ್ತು, ಗಾಜಿನ ಟೀಪಾಯಿಯ ಮೇಲೆ ಅದಕ್ಕೆ ಕಣ್ಣೇ ಕಾಣುತ್ತಿರಲಿಲ್ಲ. ಅಪ್ಪ ತಾನೇ ಉಪಾಯ ಕಂಡುಕೊಂಡು ಅದನ್ನು ತನ್ನ ಲುಂಗಿಯ ಮೇಲೆ, ತೊಡೆಯ ಮೇಲೆ ಓಡಿಸತೊಡಗಿದ. ಸ್ವಲ್ಪ ಹೊತ್ತು ಬಿಟ್ಟರೆ ಕೀಬೋರ್ಡು ನಿದ್ದೆ ಹೋಗಿ ಮೊದಲ ಅಕ್ಷರ ನುಂಗುತ್ತಿತ್ತು. ಅದಕ್ಕೆ ಅಪ್ಪ ಗಂಟಲು ಸರಿಮಾಡಿಕೊಂಡ ಹಾಗೆ ಮೊದಲು ಉದ್ದದ ಪಟ್ಟಿಯನ್ನು ಎರಡು ಸಲ ಬಡಿಯುತ್ತಿದ್ದ. ಆ ಟಕಟಕ ಕೇಳಿದರೆ ನಾನೂ ಅವ್ವನೂ ಎಲ್ಲಿದ್ದರೂ ಟೀವಿಯ ಕಡೆ ತಿರುಗುತ್ತಿದ್ದೆವು.

ಮೊದಲ ದಿನ ಟೀವಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಂತು. ನಾನು ಓದಿದೆ: "ನನಗೆ ಕುಡಿಯಲು ನೀರು ಬೇಕಾಗಿದೆ."

ಅವ್ವ ನೀರು ತಂದುಕೊಟ್ಟಳು. ಕೊಟ್ಟು, "ಇನ್ನೊಮ್ಮೆ ಓದು," ಎಂದಳು. ಓದಿದೆ.

"ಇದು ಯಾರ ಮಾತು?" ಎಂದಳು.

"ಅಪ್ಪಂದು."

"ಅವರೆಲ್ಲಿ ಹಿಂಗ ಮಾತಾಡ್ತಾರ? ಆಫೀಸಿಗೆ ಅರ್ಜಿ ಕೊಟ್ಟಂಗ ಅದ."

ಅವಳು ಹೇಳಿದ್ದು ಖರೇ. ಅಪ್ಪನ ಕೈಗೆ ಗೊತ್ತಿದ್ದದ್ದು ಸಾಲೆಯ ಕನ್ನಡ ಒಂದೇ. ಬರೆಯುವುದು ಎಂದರೆ ಅರ್ಜಿ, ನಿಬಂಧ, ಹೆಚ್ಚೆಂದರೆ ಊರಿಗೆ ಕ್ಷೇಮ ಸಮಾಚಾರ. "ಇಂದಿನ ಪಲ್ಯವು ರುಚಿಯಾಗಿತ್ತು." "ಹೊರಗೆ ಯಾರು ಬಂದಿರುವರು?" ನನಗೆ ನಗು ಬರುತ್ತಿತ್ತು. ಅವ್ವನಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾರೋ ಮರ್ಯಾದಸ್ಥ ಪರವೂರಿನವರು ಬಂದು ಕೂತ ಹಾಗೆ ಅವಳು ಬಿಗಿಯಾಗಿಬಿಟ್ಟಳು. ಮೇಲಾಗಿ ಅವನ ಪ್ರತಿ ಮಾತೂ ನನ್ನ ಬಾಯಿಂದ ದಾಟಿ ಹೋಗಬೇಕು. ಬೆಳೆದ ಮಗಳು ಓದುತ್ತಾಳೆ ಎಂದು ಗೊತ್ತಿರುವಾಗ ಯಾವ ಗಂಡ ಹೆಂಡತಿಗೆ ಏನು ಬರೆದಾನು? ಜಗಳ ನಿಂತಿತು, ಚೇಷ್ಟೆ ನಿಂತಿತು. ನೀರು, ಗುಳಿಗೆ, ಫ್ಯಾನು ಇವಷ್ಟೇ ಉಳಿದವು.

ಒಂದು ದಿನ ಅವ್ವ ಬಟ್ಟೆ ಮಡಚುತ್ತ ನನಗೆ ಹೇಳಿದಳು: "ಡಾಕ್ಟರು ಜೀವಾ ಉಳಿಸಿ ಕೊಟ್ರು, ಹೌದು. ಆದ್ರ ಮನಿಶ್ಯಾನ್ನ ಅಲ್ಲೇ ಇಟಗೊಂಡ್ರು." ಅವಳಿಗೆ ಬೇಕಾದದ್ದು ಸುದ್ದಿಯಲ್ಲ, ಗಂಡನ ಮಾತು. ಅದನ್ನು ನಾನು ಎಷ್ಟು ಚೆನ್ನಾಗಿ ಓದಿದರೂ ಕೊಡಲು ಆಗುತ್ತಿರಲಿಲ್ಲ.

ಮುಂದಾದದ್ದು ನನ್ನ ಜಾಣತನದಿಂದಲ್ಲ, ಮರೆವಿನಿಂದ. ಒಂದು ಮುಂಜಾನೆ ಆಫೀಸಿನ ಮರಾಠಿ ಪತ್ರವೊಂದನ್ನು ಬರೆದು ಮುಗಿಸಿ, ಭಾಷೆ ಬದಲಿಸದೆ ಹಾಗೇ ಕೀಬೋರ್ಡನ್ನು ಅಪ್ಪನ ಮುಂದಿಟ್ಟು ಸ್ನಾನಕ್ಕೆ ಹೋದೆ. ಅಪ್ಪನಿಗೆ ಕೀಲಿ ನೋಡಿಕೊಂಡು ಒತ್ತುವ ಚಟ, ತಲೆ ಎತ್ತುತ್ತಿರಲಿಲ್ಲ. ಹೊರಗೆ ಬರುವಾಗ ಅವ್ವ ಹಾಲಿನ ನಡುವೆ ನಿಂತು, ಹಿಟ್ಟಿನ ಕೈಯನ್ನು ಮೇಲಕ್ಕೆ ಹಿಡಿದುಕೊಂಡು, ಸಣ್ಣ ಹುಡುಗಿಯ ಹಾಗೆ ಒಂದೊಂದೇ ಅಕ್ಷರ ಕೂಡಿಸುತ್ತ ಓದುತ್ತಿದ್ದಳು: "ಚ... ಹಾ... ಸಿದ್ಧ... ವಾಗಿ... ದೆಯೇ?"

ಟೀವಿಯ ಮೇಲೆ ಮರಾಠಿ ಅಕ್ಷರಗಳಲ್ಲಿ ಕನ್ನಡ!

ಅಪ್ಪ ತಲೆ ಎತ್ತಿ ಟೀವಿ ನೋಡಿದ, ಅವ್ವನನ್ನು ನೋಡಿದ. ಇಬ್ಬರೂ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗಿದ್ದರು. ಮೊದಲು ಬಾಯಿ ಬಿಟ್ಟವಳು ಅವ್ವನೇ. "ಸಿದ್ಧವಾಗಿದೆಯೇ ಅಂತ! ಯಾವ ಸಾಹೇಬ್ರು ನೀವು? ಬಾಯಿಲೆ ಹೆಂಗ ಅಂತಿದ್ರಿ, ಹಂಗ ಬರೀರಿ. ಇಲ್ಲಂದ್ರ ಚಹಾ ಇಲ್ಲ."

ಅಪ್ಪ ಉದ್ದದ ಪಟ್ಟಿಯನ್ನು ಎರಡು ಸಲ ಬಡಿದ. ಆಮೇಲೆ ಕುಟ್ಟಿದ. ಅವ್ವ ಓದಿದಳು: "ಏ ಚಹಾ ಇಡು ಅಂದ್ರ ಭಾಷಣಾ ಮಾಡ್ತಾಳ."

ಅವ್ವ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು. ನಗುತ್ತಲೂ ಇದ್ದಳು. ಓದಿದ್ದು ಅವಳ ಬಾಯಿ, ಆದರೆ ಆ ಗಡಸು, ಆ ಅವಸರ, ಆ ಕೊಂಕು ಎಲ್ಲ ಅಪ್ಪನದೇ. ನನಗೂ ಕೇಳಿಸಿತು. ನಾನು ಒದ್ದೆ ತಲೆಯಲ್ಲಿ ಬಾಗಿಲಿಗೆ ಒರಗಿ ನಿಂತುಬಿಟ್ಟೆ.

ಕನ್ನಡ ಅಕ್ಷರದಲ್ಲಿ ಹೀಗೆ ಯಾಕೆ ಬರೆಯಲಿಲ್ಲ ಎಂದು ಆಮೇಲೆ ನಾನು ಕೇಳಿದೆ. ಅಪ್ಪ ಬರೆದ: "ಕನ್ನಡದಾಗ ಹಂಗ ಬರದ್ರ ಮಾಸ್ತರು ಕೈ ಮ್ಯಾಲೆ ಛಡಿ ಬಿಡ್ತಿದ್ರು. ಮರಾಠಿ ಅಕ್ಷರದಾಗ ನನಗ ಮಾಸ್ತರಽ ಇಲ್ಲ." ಹಾಗೆ ನೋಡಿದರೆ ಅವನು ಮರಾಠಿ ಓದಿದ್ದೆಲ್ಲ ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಕಂಪನಿಯ ನೋಟಿಸು. ಆ ಅಕ್ಷರಗಳಲ್ಲಿ ಕನ್ನಡ ಹೇಗೆ ಬರೆಯಬೇಕು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅದಕ್ಕೇ ಬಾಯಿಗೆ ಬಂದದ್ದು ಬೆರಳಿಗೆ ಬಂತು.

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಮನೆಯಲ್ಲಿ ಗದ್ದಲ ವಾಪಸು ಬಂತು. ಒಂದು ಕಡೆ ಕೀಲಿಗಳ ಚಟಚಟ, ಇನ್ನೊಂದು ಕಡೆ ಅವ್ವ ಓದುವ ಸದ್ದು, ಓದುತ್ತಲೇ ಕೊಡುವ ಉತ್ತರ. "ಪಲ್ಯಾಕ್ಕ ಉಪ್ಪ ಹಾಕೂದ ಮರತೀ ಏನ, ಲಕ್ಷ್ಯ ಎಲ್ಲಿ ಅದ ನಿಂದು?" "ಲಕ್ಷ್ಯ ನಿಮ್ಮ ಮ್ಯಾಲೇ ಅದರಿ, ಡಾಕ್ಟರು ಉಪ್ಪ ಕಡಿಮಿ ಅಂದಾರ." ಅವ್ವ ಮೊದಮೊದಲು ಅಕ್ಷರ ಕೂಡಿಸಲು ಒದ್ದಾಡುತ್ತಿದ್ದಳು. ಆಮೇಲೆ ಅರ್ಧ ನೋಡುವಷ್ಟರಲ್ಲೇ ಉಳಿದರ್ಧ ತಾನೇ ಹೇಳಿಬಿಡುತ್ತಿದ್ದಳು. ಅಪ್ಪನಿಗೆ ಅದರಿಂದ ಸಿಟ್ಟು: "ನಾ ಹೇಳೂ ಮಾತ ನಾನಽ ಹೇಳ್ತೀನಿ, ತಡಿ."

ದೊಡ್ಡ ಯುದ್ಧ ನಡೆಯುತ್ತಿದ್ದದ್ದು ಸಂಜೆ, ಅವ್ವನ ಮರಾಠಿ ಸೀರಿಯಲ್ಲಿನ ಹೊತ್ತಿಗೆ. ಟೀವಿ ಈಗ ಅಪ್ಪನ ಬಾಯಿ. ಸೀರಿಯಲ್ ಬೇಕಾದರೆ ಅಪ್ಪ ಮಾತು ನಿಲ್ಲಿಸಬೇಕು. ಅವ್ವ ರಿಮೋಟ್ ಎತ್ತಿಕೊಂಡು, "ಇಷ್ಟು ವರ್ಷ ನಿಮ್ಮ ಬಾಯಿ ಮುಚ್ಚಸ್ಲಿಕ್ಕೆ ಆಗಿದ್ದಿಲ್ಲ. ಈಗ ಒಂದ ಬಟನ್ ಸಾಕು ನೋಡ್ರಿ," ಎಂದು ಒತ್ತಿಬಿಡುತ್ತಿದ್ದಳು. ಅಪ್ಪ ಸೋಲುತ್ತಿರಲಿಲ್ಲ. ಸೀರಿಯಲ್ ನಡೆದಷ್ಟು ಹೊತ್ತೂ ಕುಟ್ಟುತ್ತಲೇ ಇದ್ದು, ಜಾಹೀರಾತು ಬಂದು ಅವ್ವ ಬಟನ್ ಬದಲಿಸಿದ ಕೂಡಲೇ ಕಾಣುವ ಹಾಗೆ ಆ ಸೀರಿಯಲ್ಲಿನ ಅತ್ತೆ ಸೊಸೆಯರಿಬ್ಬರಿಗೂ ಬೈಗುಳ ಬರೆದಿಟ್ಟಿರುತ್ತಿದ್ದ.

ಈ ನಡುವೆ ನನ್ನ ಅವಸ್ಥೆ ಏನಾಯಿತು? ನನ್ನ ಆಫೀಸಿನ ಸಾಮಾನು ನನಗೇ ಸಿಗದಂತಾಯಿತು. ಚಹಾ ಬಿದ್ದ ಲ್ಯಾಪ್‌ಟಾಪ್ ಅವರ ಪಾಲಾಯಿತು, ನಾನು ಆಫೀಸಿನವರ ಕಾಲು ಹಿಡಿದು ಇನ್ನೊಂದನ್ನು ತರಿಸಿಕೊಂಡೆ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಒಂದು ಮಧ್ಯಾಹ್ನ ನಾನು ಹೊರಗಿನಿಂದ ಬಂದು ಬಾಗಿಲು ತೆರೆದರೆ, ಅವ್ವ ಮಂಚದ ಅಂಚಿಗೆ ಕೂತು ಟೀವಿ ನೋಡುತ್ತ ನಾಚಿದವಳ ಹಾಗೆ ನಗುತ್ತಿದ್ದಳು. ನನ್ನನ್ನು ಕಂಡದ್ದೇ ಅಪ್ಪ ಅಳಿಸುವ ಕೀಲಿಯನ್ನು ಒತ್ತಿ ಹಿಡಿದ. ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಓಡಿಹೋದವು.

"ಏನ್ ಬರದಿದ್ದಿ ಅಪ್ಪಾ?" ಎಂದೆ.

ಅಪ್ಪ ಕನ್ನಡಕ್ಕೆ ಬದಲಿಸಿಕೊಂಡು ಬರೆದ: "ಹವಾಮಾನದ ಬಗ್ಗೆ ಚರ್ಚಿಸುತ್ತಿದ್ದೆವು."

ಅವ್ವ ಎದ್ದು ಒಳಗೆ ಹೋದಳು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಷ್ಟು ದಿನ ಇವನ ಬಾಯಿ ನಾನಾಗಿದ್ದೆ, ಈಗ ನನ್ನನ್ನು ನೋಡಿದರೆ ಅಳಿಸುತ್ತಾನೆ! ಸಿಟ್ಟಿನ ಜೊತೆಗೆ ಅಷ್ಟೇ ಸಂತೋಷವೂ ಆಗಿತ್ತು. ಅಂದಿನಿಂದ ನಾನು ಮನೆಗೆ ಬರುವಾಗ ಹೊರಗೇ ನಿಂತು ಚಪ್ಪಲಿಯನ್ನು ಜೋರಾಗಿ ಝಾಡಿಸಿ ಒಳಗೆ ಬರುವುದನ್ನು ರೂಢಿ ಮಾಡಿಕೊಂಡೆ.

ಅಂಥ ದಿನಗಳು ಇನ್ನಷ್ಟು ಇರಬೇಕಿತ್ತು. ಒಂದು ಚಳಿಗಾಲದಲ್ಲಿ ಅಪ್ಪನ ಎದೆಗೆ ಕಫ ಕಟ್ಟಿತು. ಉಸಿರು ಎಳೆಯುವುದು ಕಷ್ಟವಾಗಿ ಅವಸರದಲ್ಲಿ ಚಿಂಚವಾಡದ ಆಸ್ಪತ್ರೆಗೆ ಸೇರಿಸಿದೆವು. ನಾನು ಔಷಧಿ ಅಂಗಡಿಗೂ ವಾರ್ಡಿಗೂ ಓಡಾಡುತ್ತಿದ್ದೆ. ಮಧ್ಯಾಹ್ನ ಸ್ವಲ್ಪ ತಿಳಿಯಾದ ಮೇಲೆ ಅಪ್ಪ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ಏನೋ ಕೇಳಿದ. ಅವ್ವ ತಕ್ಷಣ ತನ್ನ ಚೀಲಕ್ಕೆ ಕೈಹಾಕಿ, ಟವೆಲ್ಲಿನಲ್ಲಿ ಸುತ್ತಿದ್ದ ಕೀಬೋರ್ಡನ್ನು ಹೊರತೆಗೆದಳು. ಅಷ್ಟು ಗಡಿಬಿಡಿಯಲ್ಲಿ ಥರ್ಮಾಸು ಮರೆತವಳು ಅದೊಂದನ್ನು ಮರೆತಿರಲಿಲ್ಲ.

"ಅವ್ವಾ, ಇದೊಂದನ್ನಽ ತಂದು ಏನ್ ಮಾಡೂದು? ಇದರ ಪಿನ್ ಲ್ಯಾಪ್‌ಟಾಪಿಗೆ ಅದ, ಲ್ಯಾಪ್‌ಟಾಪ್ ಮನ್ಯಾಗ ಅದ," ಎಂದೆ. ನಿದ್ದೆಗೆಟ್ಟಿದ್ದೆ, ಧ್ವನಿ ಏರಿತ್ತು.

"ವೈರ್ ಇಲ್ಲಲ್ಲ ಇದಕ್ಕ?" ಎಂದಳು ಅವ್ವ, ಗಾಬರಿಯಾಗಿ. "ವೈರ್ ಇಲ್ಲಂದ್ರ ಎಲ್ಲಿ ಒಯ್ದರೂ ನಡೀತದ ಅಂತ ನಾ ತಿಳಕೊಂಡಿದ್ದೆ."

ಲ್ಯಾಪ್‌ಟಾಪ್ ತರುತ್ತೇನೆ ಎಂದು ಹೇಳಿ ರಿಕ್ಷಾ ಹಿಡಿದು ನಿಗಡಿಗೆ ಹೋದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ರಿಕ್ಷಾದವನನ್ನು ಅವಸರ ಮಾಡಿದೆ. ಲ್ಯಾಪ್‌ಟಾಪ್, ಪಿನ್ನು, ಮೌಸ್, ಕೊನೆಗೆ ಹೊಸ ಸೆಲ್ಲುಗಳನ್ನೂ ಚೀಲಕ್ಕೆ ತುಂಬಿಕೊಂಡು ಅದೇ ರಿಕ್ಷಾದಲ್ಲಿ ವಾಪಸು ಬಂದೆ.

ವಾರ್ಡಿನ ಪರದೆ ಅರ್ಧ ಸರಿದಿತ್ತು. ಅಪ್ಪ ದಿಂಬಿಗೆ ಒರಗಿದ್ದ, ಹೊಟ್ಟೆಯ ಮೇಲೆ ಕೀಬೋರ್ಡು. ಎರಡು ಬೆರಳಿನಿಂದ ನಿಧಾನವಾಗಿ ಕುಟ್ಟುತ್ತಿದ್ದ. ಅವ್ವ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿ, ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಅಕ್ಷರವೂ ಸರಿಯಾಗಿ ಬರುವುದಿಲ್ಲ. ಎದುರಿಗೆ ಟೀವಿಯೂ ಇಲ್ಲ, ಏನೂ ಇಲ್ಲ.

"ಹೌದ್ರಿ," ಎಂದಳು ಅವ್ವ.

ಅಪ್ಪ ಮತ್ತೆ ಕುಟ್ಟಿದ.

"ಅದನ್ನ ನಾ ಮರೀತೀನೇನ್ರಿ?" ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆತು. ಆತ್ರಿ. ನೀವು ಅದರ ಚಿಂತಿ ಮಾಡಬ್ಯಾಡ್ರಿ," ಎಂದಳು.

ಅವ್ವನಿಗೆ ಬಿಡಿ, ವೈರಿಲ್ಲದ್ದು ಎಲ್ಲಿಯಾದರೂ ನಡೆಯುತ್ತದೆ ಎಂಬ ನಂಬಿಕೆ ಇನ್ನೂ ಇದ್ದಿರಬಹುದು. ಅಪ್ಪ ವರ್ಷಗಟ್ಟಲೆ ಕಂಪ್ಯೂಟರಿನ ಮುಂದೆ ಕೂತವನು. ಆ ಕೀಬೋರ್ಡು ಯಾವುದಕ್ಕೂ ಜೋಡಿಸಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದ, ಒತ್ತಿ ಅವ್ವನ ಮುಖ ನೋಡುತ್ತಿದ್ದ. ನಾನು ಚೀಲ ಹಿಡಿದುಕೊಂಡು ಪರದೆಯ ಹೊರಗೇ ನಿಂತೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಅಪ್ಪನ ಬೆರಳು ದಣಿದು ನಿಂತ ಮೇಲೆ ಹೋದೆ. "ಲ್ಯಾಪ್‌ಟಾಪ್ ತಂದೀನಿ. ಹಚ್ಚಲೇನ?" ಎಂದೆ. ಅಪ್ಪ ಬೇಡವೆಂದು ತಲೆ ಆಡಿಸಿ ಕಣ್ಣು ಮುಚ್ಚಿದ. ಅವ್ವ ಕೀಬೋರ್ಡನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತತೊಡಗಿದಳು.

ಅಪ್ಪ ಅಲ್ಲಿಂದ ಮನೆಗೆ ಬರಲಿಲ್ಲ. ಅವ್ವ ಈಗಲೂ ನನ್ನ ಜೊತೆಗೇ ಇದ್ದಾಳೆ, ಇದನ್ನು ಬರೆಯುವಾಗ ಒಳಗೆ ಕಾಯಿಪಲ್ಯ ಹೆಚ್ಚುತ್ತಿದ್ದಾಳೆ. ಅಪ್ಪನ ಉತ್ತರಕ್ರಿಯೆ ಎಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಮ್ಮೆ ಅವಳನ್ನು ಕೇಳಿದೆ: "ಅವತ್ತ ದವಾಖಾನಿಯೊಳಗ ಅಪ್ಪ ಏನಂದ?"

ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ.

"ನಿನಗ ಹೇಳೂದಿದ್ದಿದ್ರ," ಎಂದಳು, "ನೀ ಬರೂ ತನಕಾ ಕಾಯ್ತಿದ್ರು."